ಹಸಿವೂ ಹಂಬಲವೂ: ಕ್ಲಾರ್ಕ್ ಹಲ್ ಅವರ ಪ್ರೇರಣಾ ಸಿದ್ಧಾಂತದ ಒಂದು ವಿಮರ್ಶೆ

‘ಹಸಿದು ಹಲಸು, ಉಂಡು ಮಾವು’ ಎಂಬುದು ನಮ್ಮ ಹಿರಿಯರ ಮಾತು. ಇದನ್ನು ಜೀರ್ಣಶಕ್ತಿಯ ಕುರಿತಾದ ಹಿತವಚನವೆಂದು ವೈದ್ಯರು ಭಾವಿಸಬಹುದು. ಮನಃಶಾಸ್ತ್ರದ ವಿದ್ಯಾರ್ಥಿಗೆ ಅದರಲ್ಲಿ ಬೇರೊಂದು ವಿಷಯ ಕಾಣಿಸುತ್ತದೆ. ಹಲಸನ್ನು ತಿನ್ನಿಸುವುದು ಹೊಟ್ಟೆಯೊಳಗಿನ ಕೊರತೆ. ಮಾವನ್ನು ತಿನ್ನಿಸುವುದು ಯಾವುದು? ಹೊಟ್ಟೆ ತುಂಬಿದೆ, ದೇಹ ಏನನ್ನೂ ಬೇಡುತ್ತಿಲ್ಲ. ಆದರೂ ಕೈ ಹಣ್ಣಿನ ಕಡೆಗೆ ಚಾಚುತ್ತದೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಅಮೆರಿಕದ ಕಲಿಕೆಯ ಮನಃಶಾಸ್ತ್ರವನ್ನು ಬಹುಮಟ್ಟಿಗೆ ಆಳಿದ ಒಂದು ಸಿದ್ಧಾಂತವು ಹಲಸಿನ ವಿಷಯವನ್ನು ಸಮರ್ಥವಾಗಿ ವಿವರಿಸಿ, ಮಾವಿನ ಮುಂದೆ ತಡವರಿಸಿ ನಿಂತಿತು. ಆ ಸಿದ್ಧಾಂತವನ್ನು ಕಟ್ಟಿದವರು ಕ್ಲಾರ್ಕ್ ಲಿಯೊನಾರ್ಡ್ ಹಲ್.

ಗುರುಮಠದಲ್ಲಿ ತತ್ತ್ವಶಾಸ್ತ್ರವನ್ನು ಓದುತ್ತಿದ್ದ ವರ್ಷಗಳಲ್ಲಿ ಹಲ್ ಅವರ ಹೆಸರು ನಮಗೆ ಮನಃಶಾಸ್ತ್ರದ ಪಠ್ಯಪುಸ್ತಕದ ಎರಡು ಪುಟಗಳಲ್ಲಿ ಎದುರಾಗಿತ್ತು. ಪರೀಕ್ಷೆಗಾಗಿ ಸೂತ್ರವನ್ನು ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದೊಡನೆ ಮರೆತೆವು. ಪಾವ್ಲೊವರ ನಾಯಿ, ಸ್ಕಿನ್ನರರ ಪಾರಿವಾಳ ನೆನಪಿನಲ್ಲಿ ಉಳಿದವು, ಹಲ್ ಉಳಿಯಲಿಲ್ಲ. ಇಂದು ಮನಃಶಾಸ್ತ್ರದ ವಿಭಾಗಗಳಲ್ಲಿಯೂ ಅವರನ್ನು ಮೂಲದಲ್ಲಿ ಓದುವವರು ವಿರಳ. ಹೀಗಿರುವಾಗ ಒಂದು ಕ್ರೈಸ್ತ ಮಾಸಪತ್ರಿಕೆಯಲ್ಲಿ ಅವರ ಕುರಿತು ಬರೆಯುವುದೇಕೆಂದು ಓದುಗರು ಕೇಳಬಹುದು. ಅವರ ಗ್ರಂಥವನ್ನು ಓದದವರೂ ಅವರ ಸಿದ್ಧಾಂತದಂತೆಯೇ ಶಾಲೆಗಳನ್ನೂ ಧರ್ಮೋಪದೇಶದ ತರಗತಿಗಳನ್ನೂ ನಡೆಸುತ್ತಿದ್ದೇವೆ ಎಂಬುದು ನನ್ನ ಅನುಭವ. ಆ ‘ನಾವು’ ಎಂಬುದರಲ್ಲಿ ನಾನೂ ಇದ್ದೇನೆ.

ಮೊದಲು ಆ ಮನುಷ್ಯನ ಕುರಿತು ಎರಡು ಮಾತು. ಹಲ್ ಅವರು 1884ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ, ಮಿಶಿಗನ್ನಿನ ಒಂದು ಬಡ ರೈತಕುಟುಂಬದಲ್ಲಿ ಬೆಳೆದರು. ಬಾಲ್ಯದಲ್ಲಿ ಭಕ್ತಿಪುನರುಜ್ಜೀವನದ ಕೂಟವೊಂದರಲ್ಲಿ ಮನಸ್ಸು ಕರಗಿಸಿಕೊಂಡ ಆ ಹುಡುಗ, ಸ್ವಲ್ಪ ಕಾಲದಲ್ಲಿಯೇ ಸಂದೇಹಕ್ಕೆ ಒಳಗಾಗಿ ಧರ್ಮದಿಂದ ದೂರ ಸರಿದ. ಶಾಲೆಯಲ್ಲಿ ಕಲಿತ ರೇಖಾಗಣಿತವು ತನ್ನ ಬೌದ್ಧಿಕ ಜೀವನದ ಅತಿಮುಖ್ಯ ಘಟನೆಯಾಯಿತೆಂದು ಅವರೇ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಕೆಲವೇ ಮೂಲತತ್ತ್ವಗಳಿಂದ ಹೊರಟು ಹೊಸ ಸತ್ಯಗಳನ್ನು ಸಾಧಿಸಿ ತೋರಿಸಬಹುದೆಂಬ ಆ ವಿಸ್ಮಯವು ಅವರನ್ನು ಕೊನೆಯವರೆಗೂ ಬಿಡಲಿಲ್ಲ. ವಿಷಮಶೀತಜ್ವರ ಅವರ ಓದನ್ನು ತಡೆಯಿತು. ಗಣಿಯ ಎಂಜಿನಿಯರ್ ಆಗಬೇಕೆಂದಿದ್ದವರ ಒಂದು ಕಾಲನ್ನು ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಪೋಲಿಯೊ ಊನಗೊಳಿಸಿತು. ಆ ಕಾಲಿಗೆ ಬೇಕಾದ ಉಕ್ಕಿನ ಆಧಾರಪಟ್ಟಿಯನ್ನು ಅವರೇ ರೂಪಿಸಿಕೊಂಡು, ಅದನ್ನು ಕಟ್ಟಿಕೊಂಡೇ ನಡೆದರು. 1918ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಿಂದ ಡಾಕ್ಟರೇಟ್ ಪಡೆದರು. 1929ರಲ್ಲಿ ಯೇಲ್ ವಿಶ್ವವಿದ್ಯಾನಿಲಯಕ್ಕೆ ಬಂದರು. 1943ರಲ್ಲಿ ಅವರ ಮುಖ್ಯಕೃತಿಯಾದ ‘ಪ್ರಿನ್ಸಿಪಲ್ಸ್ ಆಫ್ ಬಿಹೇವಿಯರ್’ ಪ್ರಕಟವಾಯಿತು. ಹದಿನಾರು ಆಧಾರಸೂತ್ರಗಳು, ಅವುಗಳಿಂದ ಹೊರಡುವ ಉಪಸೂತ್ರಗಳು, ಸಮೀಕರಣಗಳು, ರೇಖಾಚಿತ್ರಗಳು: ರೇಖಾಗಣಿತದ ಪುಸ್ತಕವನ್ನು ಪ್ರೀತಿಸಿದ ಹುಡುಗ ಮುಪ್ಪಿನಲ್ಲಿ ಅಂಥದೇ ಒಂದು ಪುಸ್ತಕವನ್ನು ಜೀವಿಗಳ ವರ್ತನೆಯ ಕುರಿತು ಬರೆದಿದ್ದರು.

ಸಿದ್ಧಾಂತದ ತಿರುಳನ್ನು ಹೀಗೆ ಹೇಳಬಹುದು. ಆಹಾರ, ನೀರು, ವಿಶ್ರಾಂತಿ ಮುಂತಾದವುಗಳ ಕೊರತೆ ಉಂಟಾದಾಗ ಜೀವಿಯೊಳಗೆ ಒಂದು ಒತ್ತಡ ಹುಟ್ಟುತ್ತದೆ. ಅವರು ಅದನ್ನು ‘ಡ್ರೈವ್’ ಎಂದರು. ನಾವು ಒಳಒತ್ತಡ ಎನ್ನೋಣ. ಒಳಒತ್ತಡವು ಜೀವಿಯನ್ನು ಚಲಿಸುವಂತೆ ಮಾಡುತ್ತದೆ, ಆದರೆ ಯಾವ ಕಡೆಗೆಂದು ಹೇಳುವುದಿಲ್ಲ. ದಿಕ್ಕನ್ನು ತೋರಿಸುವುದು ಅಭ್ಯಾಸ. ಹಸಿದ ಇಲಿ ಅಲ್ಲಿ ಇಲ್ಲಿ ಮೂಸಿ, ಅಕಸ್ಮಾತ್ತಾಗಿ ಒಂದು ಸನ್ನೆಯನ್ನು ಒತ್ತಿದಾಗ ಆಹಾರದ ಗುಳಿಗೆ ಬೀಳುತ್ತದೆ. ಹಸಿವು ಕೊಂಚ ಇಳಿಯುತ್ತದೆ. ಆ ಇಳಿತವೇ ಬಹುಮಾನ. ಪ್ರತಿಯೊಂದು ಇಳಿತವೂ ಆ ಸನ್ನೆಗೂ ಆ ಕ್ರಿಯೆಗೂ ನಡುವಿನ ನಂಟನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಗೊಳಿಸುತ್ತದೆ. ಮೊದಮೊದಲು ಹೆಚ್ಚು, ಅನಂತರ ಕಡಿಮೆ, ಕೊನೆಗೆ ಒಂದು ಮಿತಿಗೆ ಬಂದು ನಿಲ್ಲುತ್ತದೆ. ಕಲಿಕೆಯೆಂದರೆ ಇಷ್ಟೇ. ವರ್ತನೆಯ ಬಲವು ಒಳಒತ್ತಡವನ್ನು ಅಭ್ಯಾಸಬಲದಿಂದ ಗುಣಿಸಿದಾಗ ಬರುವ ಮೊತ್ತ.

ಕೂಡಿಸುವುದಲ್ಲ, ಗುಣಿಸುವುದು ಎಂಬುದನ್ನು ಗಮನಿಸಬೇಕು. ಎರಡರಲ್ಲಿ ಒಂದು ಸೊನ್ನೆಯಾದರೆ ಫಲವೂ ಸೊನ್ನೆ. ಎಷ್ಟೇ ಚೆನ್ನಾಗಿ ಕಲಿತಿದ್ದರೂ ಹಸಿವಿಲ್ಲದ ಇಲಿ ಸನ್ನೆಯನ್ನು ಒತ್ತುವುದಿಲ್ಲ. ಇದು ಬರಿಯ ಊಹೆಯಾಗಿರಲಿಲ್ಲ. ವಿಲಿಯಮ್ಸ್ ಮತ್ತು ಪೆರಿನ್ ಎಂಬ ಸಂಶೋಧಕರು ಐದರಿಂದ ತೊಂಬತ್ತರವರೆಗೆ ಬೇರೆ ಬೇರೆ ಸಂಖ್ಯೆಯ ಬಹುಮಾನಗಳಿಂದ ಇಲಿಗಳನ್ನು ಪಳಗಿಸಿ, ಬಳಿಕ ಬಹುಮಾನವನ್ನು ನಿಲ್ಲಿಸಿ, ಅವು ಎಷ್ಟು ಬಾರಿ ಸನ್ನೆಯನ್ನು ಒತ್ತುತ್ತವೆಂದು ಎಣಿಸಿದ್ದರು. ಇಪ್ಪತ್ತೆರಡು ಗಂಟೆ ಉಪವಾಸವಿದ್ದ ಇಲಿಗಳು ಮೂರು ಗಂಟೆ ಉಪವಾಸವಿದ್ದವುಗಳಿಗಿಂತ ಬಹಳ ಹೆಚ್ಚು ಕಾಲ ಒತ್ತಿದವು. ತರಬೇತಿ ಹೆಚ್ಚಿದಷ್ಟೂ ಈ ಅಂತರವೂ ಹೆಚ್ಚಿತು. ಗುಣಾಕಾರಕ್ಕೆ ಇದು ಆಧಾರ. ಇಲ್ಲಿ ಹಲ್ ಅವರಿಗೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. ತಾನು ತಪ್ಪಾಗಿದ್ದರೆ ತಪ್ಪೆಂದು ತೋರಿಸಲು ಸಾಧ್ಯವಾಗುವಷ್ಟು ಸ್ಪಷ್ಟವಾಗಿ ಅವರು ಮಾತನಾಡಿದರು. ಎಂಥ ಪ್ರಶ್ನೆ ಬಂದರೂ ಜಾರಿಕೊಳ್ಳಲು ಅವಕಾಶವಿರುವಂತೆ ಮಾತನಾಡುವ ಅಭ್ಯಾಸ ನಮ್ಮ ಪ್ರಬೋಧನೆಗಳಲ್ಲಿ ಕಡಿಮೆಯೇನಿಲ್ಲ.

ಅವರು ಕೊಟ್ಟ ಇನ್ನೊಂದು ಎಚ್ಚರಿಕೆಯೂ ವಿಚಾರಾರ್ಹ. ಪ್ರಾಣಿಯನ್ನು ನೋಡುವಾಗ ನಾವು ನಮ್ಮ ಭಾವನೆಗಳನ್ನೇ ಅದರೊಳಗೆ ತುಂಬಿಬಿಡುತ್ತೇವೆ. ಈ ಮೋಸದಿಂದ ಪಾರಾಗಲು, ಜೀವಿಯನ್ನು ಆಗಾಗ್ಗೆ ತನ್ನನ್ನು ತಾನೇ ಕಾಪಾಡಿಕೊಳ್ಳುವ ಒಂದು ಯಂತ್ರಮಾನವನೆಂದು ಭಾವಿಸಿ ನೋಡಬೇಕೆಂದು ಅವರು ಸಲಹೆಯಿತ್ತರು. ಸಂಶೋಧಕನ ಮನಸ್ಸಿಗೆ ಇದೊಂದು ಬಗೆಯ ತಪಸ್ಸು. ಆ ಮಟ್ಟಿಗೆ ಒಳ್ಳೆಯದೇ. ಆದರೆ ನೋಟವನ್ನು ಶುದ್ಧಗೊಳಿಸಲು ಧರಿಸಿದ ಕನ್ನಡಕವೇ ಕ್ರಮೇಣ ನೋಡಿದ ವಸ್ತುವಿನ ಸ್ವರೂಪವಾಗಿ ಪರಿಣಮಿಸಿತು. ಬಿಳಿ ಇಲಿಯಿಂದ ಪಡೆದ ನಿಯಮಗಳು ಎಲ್ಲ ಸಸ್ತನಿಗಳಿಗೂ, ಅವುಗಳೊಡನೆ ಮನುಷ್ಯನಿಗೂ ಅನ್ವಯಿಸುತ್ತವೆಂದು ಅವರು ನಂಬಿದರು. ಹಣ, ಹೊಗಳಿಕೆ, ಪದವಿ ಇವೆಲ್ಲ ಹಸಿವು ನೀರಡಿಕೆಗಳ ಜೊತೆಗೂಡಿ ಬಲ ಪಡೆದ ಎರಡನೆಯ ದರ್ಜೆಯ ಬಹುಮಾನಗಳು. ಮಗುವಿಗೆ ತಾಯಿಯ ಮೇಲಿರುವ ಪ್ರೀತಿಯನ್ನೂ ಈ ಪಂಥದವರು ಹೀಗೆಯೇ ವಿವರಿಸಿದರು: ಹಾಲು ಹಸಿವನ್ನು ಇಳಿಸುತ್ತದೆ, ಹಾಲಿನೊಡನೆ ತಾಯಿಯ ಮುಖ ಕಾಣುತ್ತದೆ, ಆದ್ದರಿಂದ ಮುಖವೂ ಇಷ್ಟವಾಗುತ್ತದೆ.

ಮಾವಿನ ಪ್ರಶ್ನೆ ಎದ್ದದ್ದು ಇಲ್ಲಿ. ಎತ್ತಿದವರು ದೈವಶಾಸ್ತ್ರಜ್ಞರಲ್ಲ, ಪ್ರಯೋಗಶಾಲೆಯವರೇ. 1950ರಲ್ಲಿ ಫ್ರೆಡ್ ಶೆಫೀಲ್ಡ್ ಮತ್ತು ರೋಬಿ ಇಲಿಗಳಿಗೆ ಸ್ಯಾಕರಿನ್ ಬೆರೆಸಿದ ನೀರನ್ನು ಬಹುಮಾನವಾಗಿ ಇಟ್ಟರು. ಸ್ಯಾಕರಿನ್‌ನಲ್ಲಿ ಸಿಹಿಯಿದೆ, ಪೋಷಣೆಯಿಲ್ಲ; ಅದು ದೇಹದ ಯಾವ ಕೊರತೆಯನ್ನೂ ತುಂಬುವುದಿಲ್ಲ. ಆದರೂ ಇಲಿಗಳು ಅದಕ್ಕಾಗಿ ಕಲಿತವು, ಮತ್ತೆ ಮತ್ತೆ ಅದನ್ನು ಅರಸಿದವು. ಹಲ್ ಅವರ ಶಿಷ್ಯರಾದ ನೀಲ್ ಮಿಲ್ಲರ್ 1952ರಲ್ಲಿ ಕೆಸೆನ್ ಅವರೊಡಗೂಡಿ ಹಾಲನ್ನು ನೇರವಾಗಿ ಇಲಿಯ ಹೊಟ್ಟೆಗೆ ಕೊಳವೆಯ ಮೂಲಕ ಹಾಯಿಸಿ ನೋಡಿದರು. ಇಲಿ ಕಲಿಯಿತು, ಗುರುವಿನ ಮಾತು ಅಷ್ಟರ ಮಟ್ಟಿಗೆ ನಿಜವಾಯಿತು. ಆದರೆ ಅದೇ ಹಾಲನ್ನು ಬಾಯಿಯಿಂದ ಕುಡಿದ ಇಲಿ ಇನ್ನೂ ಬೇಗ ಕಲಿಯಿತು. ಕೊರತೆ ನೀಗುವುದು ಒಂದು, ಸವಿಯುವುದು ಇನ್ನೊಂದು ಎಂದು ಇಲಿಯೂ ಬಲ್ಲದು.

ಹಲ್ ಅವರು ಓದಿದ ವಿಸ್ಕಾನ್ಸಿನ್ನಿನಲ್ಲಿಯೇ ಹ್ಯಾರಿ ಹಾರ್ಲೊ ಕೋತಿಗಳೆದುರು ಕೊಂಡಿ, ಕೊಕ್ಕೆ, ಚಿಲಕಗಳಿದ್ದ ಒಗಟಿನ ಹಲಗೆಗಳನ್ನಿಟ್ಟರು. ಅವು ಹೊಟ್ಟೆ ತುಂಬಿದ ಕೋತಿಗಳು; ತಿಂಡಿಯ ಆಸೆಯನ್ನೂ ಯಾರೂ ತೋರಿಸಿರಲಿಲ್ಲ. ಆದರೂ ಅವು ಚಿಲಕಗಳನ್ನು ಬಿಚ್ಚುತ್ತಲೇ ಇದ್ದವು. 1953ರಲ್ಲಿ ರಾಬರ್ಟ್ ಬಟ್ಲರ್ ತೋರಿಸಿದಂತೆ, ಮುಚ್ಚಿದ ಪೆಟ್ಟಿಗೆಯಲ್ಲಿದ್ದ ಕೋತಿಗಳು ಕೇವಲ ಕಿಟಕಿಯಿಂದ ಕ್ಷಣಕಾಲ ಹೊರಗಿನ ಕೋಣೆಯನ್ನು ನೋಡುವುದಕ್ಕಾಗಿ ಬಣ್ಣಗಳ ವ್ಯತ್ಯಾಸವನ್ನು ಕಲಿತವು. ನೋಡುವುದೇ ಬಹುಮಾನ! 1958ರಲ್ಲಿ ಹಾರ್ಲೊ ಪ್ರಕಟಿಸಿದ ಪ್ರಯೋಗವಂತೂ ಪ್ರಸಿದ್ಧವಾದುದು. ತಾಯಿಯಿಂದ ಬೇರ್ಪಡಿಸಿದ ಕೋತಿಮರಿಗಳಿಗೆ ಎರಡು ಗೊಂಬೆತಾಯಂದಿರನ್ನು ಕೊಟ್ಟರು. ಒಂದು ತಂತಿಯದು, ಇನ್ನೊಂದು ಮೃದುವಾದ ಬಟ್ಟೆ ಹೊದಿಸಿದ್ದು. ತಂತಿಯ ತಾಯಿಯೇ ಹಾಲು ಕೊಡುತ್ತಿದ್ದಾಗಲೂ ಮರಿ ಅಲ್ಲಿ ಹಾಲು ಕುಡಿದು, ಬಟ್ಟೆಯ ತಾಯಿಯನ್ನು ಅಪ್ಪಿಕೊಂಡು ದಿನ ಕಳೆಯುತ್ತಿತ್ತು. ಮರಿಗಳನ್ನು ಹಾಗೆ ತಾಯಿಯಿಂದ ಕಿತ್ತುಕೊಂಡ ಕ್ರೌರ್ಯವನ್ನು ನೆನೆದರೆ ಮನಸ್ಸು ಕಹಿಯಾಗುತ್ತದೆ. ಆ ಜ್ಞಾನಕ್ಕೆ ಅಷ್ಟು ಬೆಲೆ ಕೊಡಬೇಕಿತ್ತೇ ಎಂಬುದು ಬೇರೆಯೇ ಚರ್ಚೆ. ಆದರೆ ಹಾಲಿನಿಂದ ಪ್ರೀತಿ ಹುಟ್ಟುತ್ತದೆಂಬ ಲೆಕ್ಕಾಚಾರ ಅಂದಿಗೆ ಮುರಿದುಬಿತ್ತು.

ಹಲ್ ಅವರು ಹಟಮಾರಿಯಾಗಿರಲಿಲ್ಲ. ಬಹುಮಾನದ ಪ್ರಮಾಣವನ್ನು ಬದಲಾಯಿಸಿದರೆ ಇಲಿಯ ಓಟ ತಟ್ಟನೆ ಬದಲಾಗುತ್ತದೆಂದು ಲಿಯೊ ಕ್ರೆಸ್ಪಿ 1942ರಲ್ಲಿ ತೋರಿಸಿದ್ದನ್ನು ಒಪ್ಪಿಕೊಂಡು, ಮುಂದಿರುವ ವಸ್ತುವಿನ ಸೆಳೆತಕ್ಕೂ ಸೂತ್ರದಲ್ಲಿ ಒಂದು ಸ್ಥಾನ ಕೊಟ್ಟರು. ಹಿಂದಿನಿಂದ ತಳ್ಳುವುದಲ್ಲದೆ ಮುಂದಿನಿಂದ ಎಳೆಯುವುದೂ ಉಂಟೆಂದು ಇದರಿಂದ ಒಪ್ಪಿದಂತಾಯಿತು. ಆದರೆ ಆ ಸೆಳೆತವನ್ನೂ ಒಳಒತ್ತಡದೊಂದಿಗೆ ಗುಣಿಸಿಯೇ ಇಟ್ಟರು. ಹಸಿವು ಸೊನ್ನೆಯಾದರೆ ಮಾವಿನ ಸೆಳೆತವೂ ಸೊನ್ನೆ.

ಇದನ್ನು ಓದುವಾಗ ನನಗೆ ಬಗೆಹರಿಯದ ಒಂದು ಸಂಗತಿಯಿದೆ. ಯೌವನದಿಂದ ಸಾಯುವವರೆಗೂ ಹಲ್ ಅವರು ತಮ್ಮ ಆಲೋಚನೆಗಳನ್ನು ಟಿಪ್ಪಣಿಪುಸ್ತಕಗಳಲ್ಲಿ ಬರೆಯುತ್ತ ಹೋದರು. 1948ರಲ್ಲಿ ಹೃದಯಾಘಾತವಾದ ಮೇಲೂ ಬರವಣಿಗೆ ನಿಲ್ಲಲಿಲ್ಲ. ‘ಎ ಬಿಹೇವಿಯರ್ ಸಿಸ್ಟಮ್’ ಎಂಬ ಗ್ರಂಥವನ್ನು ಮುಗಿಸಿ, ಅದು ಅಚ್ಚಾಗಿ ಬರುವುದನ್ನು ಕಾಣದೆ 1952ರ ಮೇ ತಿಂಗಳಲ್ಲಿ ತೀರಿಕೊಂಡರು. ಮನುಷ್ಯರ ಸಾಮಾಜಿಕ ವರ್ತನೆಯ ಕುರಿತಾದ ಮೂರನೆಯ ಸಂಪುಟವೊಂದನ್ನು ಬರೆಯಬೇಕೆಂದಿತ್ತು. ಇನ್ನು ಅದು ಸಾಧ್ಯವಾಗದೆಂದು ಅವರೇ ಮರುಗಿದರು. ಊನಗೊಂಡ ಕಾಲು, ಸೋತ ಹೃದಯ, ಮೇಜಿನ ಮೇಲೆ ಮುಗಿಯದ ಪುಸ್ತಕ. ಯಾವ ಕೊರತೆಯನ್ನು ಇಳಿಸಿಕೊಳ್ಳಲು ಆ ಮನುಷ್ಯ ಬರೆಯುತ್ತಿದ್ದರು? ಬರೆದಷ್ಟೂ ಹಂಬಲ ಇಳಿಯುವ ಬದಲು ಹೆಚ್ಚುತ್ತಿದ್ದುದು ಅವರ ಬದುಕಿನಲ್ಲಿಯೇ ಕಾಣುತ್ತದೆ. ಸವಿದಷ್ಟೂ ಹಿಗ್ಗುವ ಇಂತಹ ಹಂಬಲವನ್ನು ನಿಸ್ಸದ ಸಂತ ಗ್ರೆಗೋರಿಯವರು ನಾಲ್ಕನೆಯ ಶತಮಾನದಲ್ಲಿಯೇ ಮೋಶೆಯ ಜೀವನದ ಕುರಿತಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು.

ಸಂತ ತೋಮಸ್ ಅಕ್ವಿನಾಸರು ಸುಮ್ಮಾ ಗ್ರಂಥದಲ್ಲಿ ಮನಸ್ಸಿನ ಚಲನೆಗಳನ್ನು ಕ್ರಮವಾಗಿ ಜೋಡಿಸುವಾಗ ಪ್ರೀತಿಯನ್ನು ಮೊದಲಿಟ್ಟು, ಬಯಕೆಯನ್ನು ಅದರ ಅನಂತರ, ಆನಂದವನ್ನು ಕೊನೆಯಲ್ಲಿ ಇಡುತ್ತಾರೆ. ಒಳಿತಾದುದೊಂದು ನಮ್ಮನ್ನು ತಟ್ಟಿ ತನಗೆ ಒಗ್ಗಿಸಿಕೊಂಡಾಗ ಪ್ರೀತಿ; ಅದು ದೂರವಿದ್ದರೆ ಬಯಕೆ; ದೊರೆತಾಗ ಆನಂದ. ಅಂದರೆ ಕೊರತೆ ಮೊದಲಲ್ಲ. ಹಲ್ ಅವರಲ್ಲಿ ಕೊರತೆಯೇ ಮೊದಲು, ಪ್ರೀತಿ ಅದರ ನೆರಳು. ವಿಶ್ರಾಂತಿಯೆಂಬ ಪದದ ಅರ್ಥವೇ ಇದರಿಂದ ಬದಲಾಗುತ್ತದೆ. ಒಬ್ಬರಲ್ಲಿ ವಿಶ್ರಾಂತಿಯೆಂದರೆ ಒತ್ತಡದ ಅಭಾವ; ಇನ್ನೊಬ್ಬರಲ್ಲಿ ಪ್ರಿಯವಾದುದರ ಸಾನ್ನಿಧ್ಯ. ನಿದ್ರೆಗೂ ಹಬ್ಬಕ್ಕೂ ಇರುವಷ್ಟು ಅಂತರ ಇವೆರಡರ ನಡುವೆ ಇದೆ.

ಅಭ್ಯಾಸದ ವಿಷಯದಲ್ಲಿಯೂ ಇವರಿಬ್ಬರನ್ನು ಹೋಲಿಸಬಹುದು. ಹಲ್ ಅವರ ಕೊನೆಯ ಗ್ರಂಥದಲ್ಲಿ ಅಭ್ಯಾಸಬಲವನ್ನು ನಿರ್ಧರಿಸುವುದು ಬಹುಮಾನ ದೊರೆತ ಆವೃತ್ತಿಗಳ ಸಂಖ್ಯೆ ಮಾತ್ರ. ತೋಮಸರೂ ಆವೃತ್ತಿಯನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಸೂಕ್ಷ್ಮವನ್ನು ಸೇರಿಸುತ್ತಾರೆ. ಇರುವ ಅಭ್ಯಾಸಕ್ಕಿಂತ ದುರ್ಬಲವಾದ ಮನಸ್ಸಿನಿಂದ ಮಾಡಿದ ಕ್ರಿಯೆಯು ಅದನ್ನು ಬೆಳೆಸುವುದಿಲ್ಲ. ಬದಲಾಗಿ ಇಳಿಕೆಯ ಕಡೆಗೆ ಒಯ್ಯುತ್ತದೆ. ಆದ್ದರಿಂದ ಎಣಿಕೆ ಸಾಲದು. ಅನ್ಯಮನಸ್ಕತೆಯಿಂದ ಹೇಳಿದ ಸಾವಿರ ಜಪಸರಗಳು ಭಕ್ತಿಯನ್ನು ಬೆಳೆಸುವ ಬದಲು ಸವೆಸಲೂಬಹುದೆಂಬ ಈ ಮಾತು ಗುರುಗಳಾದ ನಮಗೆ ಹಿತವಾಗದು. ನಾವು ಎಣಿಸುವುದನ್ನು ಇಷ್ಟಪಡುವವರು.

ಹಲವು ವರ್ಷಗಳ ಹಿಂದೆ, ನಾನು ಸೇವೆಯಲ್ಲಿದ್ದ ಒಂದು ಧರ್ಮಕೇಂದ್ರದಲ್ಲಿ, ಭಾನುವಾರದ ಬಲಿಪೂಜೆಗೂ ಧರ್ಮೋಪದೇಶಕ್ಕೂ ಬರುವ ಮಕ್ಕಳ ಸಂಖ್ಯೆ ಇಳಿದಿತ್ತು. ನಾನು ಹಾಜರಿಚೀಟಿಯೊಂದನ್ನು ಅಚ್ಚುಹಾಕಿಸಿದೆ. ಬಂದವರ ಚೀಟಿಗೆ ಮೊಹರು. ವರ್ಷಾಂತ್ಯದಲ್ಲಿ ಚೀಟಿ ತುಂಬಿದವರಿಗೆ ಧರ್ಮಕೇಂದ್ರದ ಹಬ್ಬದ ದಿನ ವೇದಿಕೆಯ ಮೇಲೆ ಬಹುಮಾನ. ತಿಂಗಳೊಳಗೆ ಬೆಂಚುಗಳು ತುಂಬಿದವು, ನಾನು ಹಿಗ್ಗಿದೆ. ಮೊದಲು ಪೂಜೆಗೆ ಮುನ್ನ ಮೊಹರು ಹಾಕುತ್ತಿದ್ದೆವು. ಹಾಕಿಸಿಕೊಂಡು ಕೆಲವರು ಹಿಂಬಾಗಿಲಿನಿಂದ ಹೊರಟುಹೋದರು. ಆದ್ದರಿಂದ ಪೂಜೆಯ ಅನಂತರ ಹಾಕತೊಡಗಿದೆವು. ಆಗ ಪರಮಪ್ರಸಾದ ಮುಗಿಯುತ್ತಿದ್ದಂತೆ ಮಕ್ಕಳು ಬಾಗಿಲ ಕಡೆಗೆ ಜರುಗತೊಡಗಿದರು. ಕೊನೆಯ ಗೀತೆಯ ವೇಳೆಗೆ ಅಲ್ಲಿ ನೂಕುನುಗ್ಗಲು. ಗುರಿ ಹತ್ತಿರವಾದಂತೆ ಇಲಿಯ ಓಟದ ವೇಗ ಹೆಚ್ಚುತ್ತದೆಂದು ಹಲ್ ಅವರು 1930ರ ದಶಕದಲ್ಲಿಯೇ ಅಳೆದು ತೋರಿಸಿದ್ದರು. ಅಂದು ಅದು ನನಗೆ ನೆನಪಾಗಲಿಲ್ಲ. ಉಪದೇಶಿಗಳು ಗದರಿಸಿದರು, ನಾನೂ ಗದರಿಸಿದೆ. ತಪ್ಪು ಯಾರದೆಂದು ಈಗ ಹೇಳಬಲ್ಲೆ.

ಮರುವರ್ಷ ಬಹುಮಾನಗಳಿಗೆ ಹಣ ಒದಗಲಿಲ್ಲ, ಚೀಟಿ ನಿಂತಿತು. ಮೊದಲಿದ್ದುದಕ್ಕಿಂತಲೂ ಕಡಿಮೆ ಮಕ್ಕಳು ಉಳಿದರು. ಹಿಂದಿನ ವರ್ಷ ಒಂದು ಭಾನುವಾರವನ್ನೂ ತಪ್ಪಿಸದ ಹುಡುಗನೊಬ್ಬ ನನ್ನ ಬಳಿ ಬಂದು, ‘ಫಾದರ್, ಈ ವರ್ಷ ಬಂದರೆ ಏನು ಕೊಡುತ್ತೀರಿ?’ ಎಂದು ಕೇಳಿದ. ಅವನಲ್ಲಿ ಉದ್ಧಟತನವಿರಲಿಲ್ಲ. ನಾನು ಕಲಿಸಿದ್ದನ್ನೇ ಅವನು ಕಲಿತಿದ್ದ.

ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಮಾರ್ಕ್ ಲೆಪ್ಪರ್, ಡೇವಿಡ್ ಗ್ರೀನ್, ರಿಚರ್ಡ್ ನಿಸ್ಬೆಟ್ ಎಂಬ ಮೂವರು 1973ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನಾನು ಓದಿದ್ದು ಈ ಪ್ರಸಂಗದ ಬಹಳ ದಿನಗಳ ಮೇಲೆ. ಶಿಶುವಿಹಾರದಲ್ಲಿ ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಮಕ್ಕಳನ್ನು ಮೂರು ಗುಂಪು ಮಾಡಿದರು. ಮೊದಲ ಗುಂಪಿಗೆ, ಚಿತ್ರ ಬರೆದರೆ ಚಿನ್ನದ ಬಣ್ಣದ ನಕ್ಷತ್ರವಿರುವ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಿದರು. ಎರಡನೆಯದಕ್ಕೆ ಏನೂ ಹೇಳದೆ, ಬರೆದಾದ ಮೇಲೆ ಅದೇ ಪತ್ರವನ್ನು ಕೊಟ್ಟರು. ಮೂರನೆಯದಕ್ಕೆ ಏನನ್ನೂ ಕೊಡಲಿಲ್ಲ. ಒಂದೆರಡು ವಾರಗಳ ಅನಂತರ ಬಿಡುವಿನ ವೇಳೆಯಲ್ಲಿ ನೋಡಿದಾಗ, ಮೊದಲ ಗುಂಪಿನ ಮಕ್ಕಳು ಉಳಿದವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬರೆಯುತ್ತಿದ್ದರು. ಹೇಳದೆ ಕೊಟ್ಟ ಬಹುಮಾನ ಯಾವ ಹಾನಿಯನ್ನೂ ಮಾಡಿರಲಿಲ್ಲ. ಕೊಡುವುದರಲ್ಲಿ ದೋಷವಿಲ್ಲ, ಕರಾರು ಮಾಡಿಕೊಂಡು ಕೊಡುವುದರಲ್ಲಿ, ಪ್ರೀತಿಯಿಂದ ನಡೆಯುತ್ತಿದ್ದುದು ಕೂಲಿಯಾಗಿ ಮಾರ್ಪಡುತ್ತದೆ.

ಇಷ್ಟು ಹೇಳಿದ ಮಾತ್ರಕ್ಕೆ ಹಸಿವನ್ನು ಹೀನವೆಂದು ಕಾಣುವ ಹಕ್ಕು ನಮಗಿಲ್ಲ. ಯೊವಾನ್ನರ ಶುಭಸಂದೇಶದ ಆರನೆಯ ಅಧ್ಯಾಯದಲ್ಲಿ, ರೊಟ್ಟಿ ತಿಂದು ತೃಪ್ತರಾದುದರಿಂದಲೇ ತಮ್ಮನ್ನು ಹುಡುಕಿಕೊಂಡು ಬಂದ ಜನರನ್ನು ಪ್ರಭು ಯೇಸು ಎಚ್ಚರಿಸುತ್ತಾರೆ, ನಿಜ. ಆದರೆ ಅದಕ್ಕೆ ಮುನ್ನ ಅವರೇ ರೊಟ್ಟಿಯನ್ನು ಕೊಟ್ಟಿದ್ದರು. ನಮ್ಮಲ್ಲಿ ಎಷ್ಟೋ ಮಂದಿ ದೇವರ ಬಳಿ ಬಂದುದು ರೋಗ, ಸಾಲ, ಪರೀಕ್ಷೆಗಳ ಒತ್ತಡದಿಂದಲೇ. ಅವರನ್ನು ಬರಮಾಡಿಕೊಳ್ಳುವುದು ಸರಿ. ಆ ಒತ್ತಡವನ್ನು ಇಳಿಸುವ ಸಾಧನವಾಗಿ ದೇವರನ್ನು ಸಾರುವುದು ಸರಿಯೇ? ಬಿಡುಗಡೆ, ಗುಣ, ಯಶಸ್ಸು ಎಂದು ದೊಡ್ಡಕ್ಷರಗಳಲ್ಲಿ ಅಚ್ಚಾಗುವ ಧ್ಯಾನಕೂಟಗಳ ಕರಪತ್ರಗಳನ್ನು ಓದುವಾಗ, ಇಲ್ಲಿ ಆರಾಧನೆಗೊಳ್ಳುತ್ತಿರುವವರು ಯಾರೆಂದು ಕೇಳುವಂತಾಗುತ್ತದೆ. ಒತ್ತಡ ಇಳಿದ ಮೇಲೆ ಆ ಮನುಷ್ಯ ಮತ್ತೆ ಬರಲು ಕಾರಣವೇನಿರುತ್ತದೆ? ಹಲ್ ಅವರ ಸೂತ್ರದ ಪ್ರಕಾರ ಏನೂ ಇರುವುದಿಲ್ಲ. ಎಷ್ಟೋ ಬಾರಿ ಹಾಗೆಯೇ ಆಗುತ್ತದೆ ಕೂಡ.

ಲೂಕರ ಹದಿನೈದನೆಯ ಅಧ್ಯಾಯದ ದುಂದುಗಾರ ಮಗ ಮನೆಯ ಕಡೆಗೆ ಹೊರಟದ್ದು ಪಶ್ಚಾತ್ತಾಪದಿಂದ ಎಂದು ನಾವು ಸಾಮಾನ್ಯವಾಗಿ ಬೋಧಿಸುತ್ತೇವೆ. ಪಠ್ಯವನ್ನು ನಿಧಾನವಾಗಿ ಓದಿದರೆ, ಮೊದಲು ನೆನಪಾದದ್ದು ತಂದೆಯ ಆಳುಗಳ ಊಟ. ಹಸಿವು ಒಳಒತ್ತಡ, ತಂದೆಯ ಮನೆ ಹಳೆಯ ಅಭ್ಯಾಸ, ಎರಡನ್ನೂ ಗುಣಿಸಿದರೆ ದಾರಿ ಹಿಡಿಯುವಷ್ಟು ಬಲ. ಇಲ್ಲಿಯವರೆಗೆ ಹಲ್ ಅವರು ನಮ್ಮೊಡನೆ ಬರುತ್ತಾರೆ. ಅವನು ದಾರಿಯಲ್ಲಿ ಹೇಳಬೇಕಾದ ಮಾತನ್ನೂ ಸಿದ್ಧಪಡಿಸಿಕೊಂಡಿದ್ದ: ಆಳಿನಂತೆ ಇಟ್ಟುಕೊಳ್ಳಿ ಎಂಬ ಕೂಲಿಯ ಒಪ್ಪಂದ. ಆದರೆ ದೂರದಿಂದಲೇ ಕಂಡು ಓಡಿಬಂದ ತಂದೆ ಆ ಮಾತನ್ನು ಮುಗಿಸಲು ಬಿಡಲಿಲ್ಲ. ಕೇಳದೇ ಇದ್ದ ಉಡುಪು, ಉಂಗುರ, ಔತಣ ಅವನಿಗೆ ಸಿಕ್ಕವು.

ಹಿರಿಯ ಮಗನ ಮಾತನ್ನು ಈಗ ಓದಿದರೆ ನನಗೆ ಆ ಹಾಜರಿಚೀಟಿ ನೆನಪಾಗುತ್ತದೆ. ಅವನು ವರ್ಷಗಳನ್ನು ಎಣಿಸಿದ್ದಾನೆ, ಅಪ್ಪಣೆ ಮೀರದ ದಿನಗಳನ್ನು ಎಣಿಸಿದ್ದಾನೆ, ತನಗೆ ಸಿಗದೇ ಹೋದ ಆಡಿನ ಮರಿಯನ್ನೂ ಎಣಿಸಿದ್ದಾನೆ. ಚೀಟಿ ತುಂಬಿದೆ, ಬಹುಮಾನ ಬಂದಿಲ್ಲ. ತಂದೆ ಹೊರಗೆ ಬಂದು ಅವನನ್ನೂ ಕರೆಯುತ್ತಾನೆ. ಒಳಗೆ ವಾದ್ಯದ ಸದ್ದು ಕೇಳುತ್ತಿದೆ. ಅವನು ಒಳಗೆ ಹೋದನೇ ಎಂಬುದನ್ನು ಲೂಕರು ಬರೆದಿಲ್ಲ.